ಸೋಲನ್ನೇ ನುಡಿಯುತ್ತಿದ್ದ ಬೊಂಗಿಮ್

ಬೊಂಗಿಮ್ ಎಂದೂ ಮುಖ ನೋಡಿ ಭವಿಷ್ಯ ಹೇಳಿದವಳಲ್ಲ. ಚೊಂಗ್‌ಜು ಪೇಟೆಯ ನಮ್ಮ ಸಾರ್ವಜನಿಕ ಸ್ನಾನಗೃಹದಲ್ಲಿ ಮೂವತ್ತು ವರ್ಷಗಳಿಂದ ಹೆಂಗಸರ ಮೈ ಉಜ್ಜುತ್ತಿದ್ದ ಅವಳು, ದೇಶದ ಅಧ್ಯಕ್ಷರ ಚುನಾವಣೆಯ ಭಿತ್ತಿಪತ್ರಗಳು ಗೋಡೆಗೇರಿದವೆಂದರೆ, ನೀವು ಒದ್ದೆ ಮಂಚದ ಮೇಲೆ ಬೋರಲಾಗಿ, ವಿವಸ್ತ್ರರಾಗಿ, ಎದ್ದು ಹೋಗಲಾರದ ಸ್ಥಿತಿಯಲ್ಲಿ ಬಿದ್ದಿರುವಾಗಲೇ, ಹಸಿರು ಒರಟು ಕೈಗವಸನ್ನು ಬೆನ್ನಿನಿಂದ ಎತ್ತದೆ, ತಗ್ಗಿದ ದನಿಯಲ್ಲಿ, "ನಿಮ್ಮೋನು ಈ ಸಲ ಸೋಲ್ತಾನೆ, ಒಂದು ಹಿಡಿ ಓಟಲ್ಲಿ" ಎನ್ನುತ್ತಿದ್ದಳು. ಆಮೇಲೆ ಬೆನ್ನಿಗೆ ಎರಡು ಪೆಟ್ಟು. ಮಗ್ಗುಲು ಬದಲಿಸಿ ಎಂದು ಅದರ ಅರ್ಥ. ಎಡಗಾಲೆಳೆಯುತ್ತ ನೀರು ತರಲು ಹೋದಳೆಂದರೆ ಮತ್ತೆ ಆ ವಿಷಯವಿಲ್ಲ.

ನಮ್ಮೂರಿನವರು ಓಟು ಯಾರಿಗೆಂದು ಕಟ್ಟಿಕೊಂಡ ಗಂಡನಿಗೂ ಬಾಯಿಬಿಡುವವರಲ್ಲ. ಹಾಗಿರುವಾಗ 'ನಮ್ಮೋನು' ಯಾರೆಂದು ಇವಳಿಗೆ ತಿಳಿದದ್ದು ಹೇಗೆ? ಮೀನಿನಂಗಡಿಯ ತಕ್ಕಡಿಯನ್ನೂ ನಂಬದ ನನಗೆ ಇದು ಅರಗಲಿಲ್ಲ. ನನ್ನ ಚೀಲದೊಳಗಿನ ಪತ್ರಿಕೆಯನ್ನು ಕದ್ದು ನೋಡುತ್ತಾಳೆ ಎಂದುಕೊಂಡೆ; ಯಾವುದೋ ಪಕ್ಷದ ಉಪ್ಪು ತಿಂದಿದ್ದಾಳೆ ಎಂದುಕೊಂಡೆ. ಬಿಸಿನೀರ ತೊಟ್ಟಿಯಲ್ಲಿ ಕತ್ತಿನವರೆಗೆ ಮುಳುಗಿದ ಉಳಿದ ಹೆಂಗಸರೂ ಅದನ್ನೇ ಪಿಸುಗುಟ್ಟುತ್ತಿದ್ದರು. ಕೊನೆಗೆ ಸ್ನಾನಗೃಹದ ಒಡತಿ, ನನ್ನ ಸಹಪಾಠಿ ಪ್ಯೋ, ನನ್ನನ್ನು ಕರೆದು, ಅವಳು ಯಾವ ಪಕ್ಷದವಳೆಂದು ತಿಳಿದು ಬಾ, ಯಾವುದೇ ಆಗಿರಲಿ ಮಂಚ ಖಾಲಿ ಮಾಡಿಸುತ್ತೇನೆ ಎಂದಳು. ಅರವತ್ತೆಂಟರ ಬೊಂಗಿಮಳಿಗೆ ಆ ಮಂಚ ಬಿಟ್ಟರೆ ಬೇರೆ ಬದುಕಿರಲಿಲ್ಲ.

ಆ ವರ್ಷ ಇಬ್ಬರು ಅಭ್ಯರ್ಥಿಗಳ ಮೇಲೂ ನನಗೆ ಹೇಸಿಗೆ ಹುಟ್ಟಿ, ಓಟು ಹಾಕುವುದೇ ಬೇಡವೆಂದು ನಿಶ್ಚಯಿಸಿದ್ದೆ. ಬೋರಲಾಗಿ ಮಲಗಿದ್ದ ನನ್ನ ಬೆನ್ನ ಮೇಲೂ ಅದೇ ಭವಿಷ್ಯ ಬಿತ್ತು. ತಲೆಯೆತ್ತಿ ಕೇಳಿಯೇಬಿಟ್ಟೆ: "ನಮ್ಮೋನು ಅಂದ್ರೆ ಯಾರಕ್ಕಾ?"

ಅವಳ ಕೈ ನಿಂತಿತು. "ನನಗೇನ್ ಗೊತ್ತು? ಇಷ್ಟು ವರ್ಷದಲ್ಲಿ ಯಾರೂ ಕೇಳಿರ್ಲಿಲ್ಲ ಕಣೇ."

ಕೇಳುವುದಾದರೂ ಹೇಗೆ? ಕೇಳಿದರೆ ನಮ್ಮ ಗುಟ್ಟೇ ರಟ್ಟು. ಎಲ್ಲರಿಗೂ ಅದೊಂದೇ ಮಾತು ಹೇಳಿ, ಪ್ರತಿಯೊಬ್ಬಳೂ ತನ್ನವನೇ ಸೋಲುತ್ತಾನೆಂದು ಎದೆಯೊಳಗೆ ಕೆಂಡ ಇಟ್ಟುಕೊಂಡು ಮನೆಗೆ ಹೋಗುವಂತೆ ಮಾಡಿದ್ದಳು ಮಹಾತಾಯಿ. ನನಗೆ ಸಿಟ್ಟೇ ಬಂತು.

"ಗೆಲ್ತಾನೆ ಅಂದ್ರೆ ಮನೇಲಿ ಕಾಲು ಚಾಚಿ ಕೂತು ಹುರಿದ ಕೋಳಿ ತಿಂತೀರಿ, ಓಟು ಹಾಕೋಕೆ ಹೋಗಲ್ಲ," ಎಂದಳು. ಅವಳ ಯೌವನದಲ್ಲಿ ಅಧ್ಯಕ್ಷನನ್ನು ಒಂದು ಕ್ರೀಡಾಂಗಣದೊಳಗೆ ಕೂಡಿಸಿದ ಮಂದಿಯೇ ಆರಿಸುತ್ತಿದ್ದರಂತೆ; ಜನಸಾಮಾನ್ಯರಿಗೆ ಓಟೇ ಇರಲಿಲ್ಲವಂತೆ. "ಓಟಿನ ಚೀಟಿ ನನ್ ಕೈಗೆ ಬಂದಾಗ ನನಗೆ ವಯಸ್ಸು ಮೂವತ್ತೊಂದು ದಾಟಿತ್ತು. ನಿಮಗೆ ಸುಮ್ನೆ ಸಿಕ್ಕಿದೆ."

ಒಡತಿಯ ಮಾತನ್ನು ತಿಳಿಸಿ, ನಿಜ ಹೇಳಿ ನಿನ್ನನ್ನು ಉಳಿಸುತ್ತೇನೆ ಎಂದೆ. ಅವಳು ಒಪ್ಪಲಿಲ್ಲ. "ಪ್ಯೋ ಕಿವಿಗೆ ಬಿದ್ರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತೆ. ಇನ್ನು ನಾಲ್ಕು ದಿನ ಬಾಯಿ ಮುಚ್ಕೊಂಡಿರು. ಮಂಚ ಹೋದ್ರೆ ಹೋಗ್ಲಿ."

ಅವಳು ಯಾವ ಪಕ್ಷದವಳೂ ಅಲ್ಲವೆಂದಷ್ಟೇ ಒಡತಿಗೆ ಹೇಳಿದೆ. ಪ್ಯೋ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನಿನಗೆಷ್ಟು ಕೊಟ್ಟರು ಎಂದು ಕೇಳಿದಳು. ಮರುದಿನ ಮಂಚದ ಬಳಿ ಬೇರೊಬ್ಬಳು ನಿಂತಿದ್ದಳು.

ಮತದಾನದ ಬೆಳಿಗ್ಗೆ ಶಾಲೆಯ ಅಂಗಳದ ಸಾಲಿನಲ್ಲಿ ತೊಟ್ಟಿಯ ಹೆಂಗಸರೆಲ್ಲ ಇದ್ದರು, ಒಬ್ಬರ ಮುಖ ಒಬ್ಬರು ನೋಡದೆ. ಮೂವತ್ತೊಂದು ಎಂಬ ಆ ಮಾತು ಬೆನ್ನು ಬಿಡದೆ ನಾನೂ ಹೋಗಿ ನಿಂತಿದ್ದೆ. ಓಟು ಹಾಕಿ ಕಾಲೆಳೆಯುತ್ತ ಹೊರಬಂದ ಬೊಂಗಿಮಳನ್ನು ಕಂಡು ಅನೇಕರು ಮುಖ ತಿರುಗಿಸಿದರು. ಅವಳು ಸಾಲಿನ ಕೊನೆಯವರೆಗೂ ಒಮ್ಮೆ ಕಣ್ಣು ಹಾಯಿಸಿ ಹೊರಟುಹೋದಳು. ಫಲಿತಾಂಶ ಬಂದ ಮೇಲೆ ಪ್ಯೋಗೆ ಎಲ್ಲವನ್ನೂ ಹೇಳಿದೆ. ಹೊಸಬಳು ಬಂದಾಯಿತಲ್ಲ, ಇನ್ನೇನು ಮಾಡಲಿ ಎಂದಳು. ನನಗೆ ನಾಚಿಕೆಯಾಯಿತು.

ನಮ್ಮ ನಂಬಿಕೆಯನ್ನು ಬೇಡುತ್ತ ಲೋಕೋದ್ಧಾರಕ್ಕೆ ಹೊರಟವರನ್ನು ಬಹಳ ಕಂಡಿದ್ದೇನೆ. ಅವರನ್ನು ಶಂಕಿಸಿದ್ದಕ್ಕೆ ಪಶ್ಚಾತ್ತಾಪವಿಲ್ಲ. ಬೊಂಗಿಮಳಂಥವರು ನಂಬಿಕೆಯನ್ನು ಕೇಳುವುದೇ ಇಲ್ಲ. ನಮ್ಮ ಶಂಕೆಯಿಂದಲೇ ಕೆಲಸ ತೆಗೆಯುತ್ತಾರೆ, ಅದು ತಿರುಗಿ ತಮ್ಮ ಮೇಲೆಯೇ ಬಿದ್ದಾಗ ಮಾತಿಲ್ಲದೆ ಹೊರುತ್ತಾರೆ. ಅಂಥವರನ್ನು ಗುರುತಿಸುವಷ್ಟು ಬುದ್ಧಿ ನಮಗೆ ತಡವಾಗಿ ಬರುತ್ತದೆ. ಹೊರಗೆ ಹಾಕುವಷ್ಟು ಎಚ್ಚರ ಮಾತ್ರ ಸದಾ ಇರುತ್ತದೆ.