ಇಕ್ಕಳದ ಒನ್ಸ್ ಮೋರ್

ನಾಯಿಮರಿಗೆ ಕಚ್ಚಬಾರದೆಂದು ಕಲಿಸುವುದು ಅಂಥ ಬ್ರಹ್ಮವಿದ್ಯೆಯೇನಲ್ಲ ಎಂದು ಪ್ರಾಣಿಗಳ ಡಾಕ್ಟರಮ್ಮ ಹೇಳಿದಾಗ ನಾನು ತಲೆಯಾಡಿಸಿದೆ. ಪಾಪ, ಆಕೆಗೆ ನಮ್ಮ ಮನೆ ಎಂಥದ್ದೆಂದು ಗೊತ್ತಿರಲಿಲ್ಲ.

"ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರ್ತಿದೆ. ಒಸಡು ಕಡಿಯತ್ತೆ, ಅದಕ್ಕೇ ಸಿಕ್ಕಿದ್ದಕ್ಕೆಲ್ಲ ಬಾಯಿ ಹಾಕತ್ತೆ. ಕಚ್ಚಿದ ತಕ್ಷಣ ಒಂದ್ಸಲ ಜೋರಾಗಿ 'ಅಯ್ಯೋ' ಅನ್ನಿ. ಆಟ ನಿಲ್ಲಿಸಿ ಆ ಕಡೆ ತಿರುಗಿ ಕೂತ್ಕೊಳಿ. ಅಗಿಯೋಕೆ ಒದ್ದೆ ಬಟ್ಟೆ ಗಂಟು ಹಾಕಿ ಕೊಡಿ. ಅಷ್ಟೇ," ಎಂದಳು ಡಾಕ್ಟರಮ್ಮ.

ಮರಿಯನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತಿದ್ದ ನನ್ನ ಗಂಡನ ಕಣ್ಣು 'ಅಯ್ಯೋ' ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಮಿಂಚಿತು. ನಾನು ಆಗಲೇ ಎಚ್ಚೆತ್ತುಕೊಳ್ಳಬೇಕಿತ್ತು.

ನಮ್ಮದು ನಾಟಕದವರ ಮನೆ. ನನ್ನ ಗಂಡ ಕಂಪನಿಯ ನಾಟಕಗಳಲ್ಲಿ ರಾಜನ ಪಾತ್ರ ಮಾಡುತ್ತಾರೆ. ಹೆಚ್ಚಿನ ನಾಟಕಗಳಲ್ಲಿ ಸಾಯುತ್ತಾರೆ. ಊಟಕ್ಕೆ ಕೂತು ಉಪ್ಪು ಕೇಳುವಾಗಲೂ ಕೊನೆಯ ಸಾಲಿನವರಿಗೆ ಕೇಳಿಸುವ ಹಾಗೆ ಕೇಳುತ್ತಾರೆ. ಅತ್ತೆ ಒಂದು ಕಾಲದಲ್ಲಿ ಅಳುವ ತಾಯಿಯ ಪಾತ್ರಕ್ಕೆ ಹೆಸರಾದವರು. ರಂಗದಿಂದ ನಿವೃತ್ತರಾಗಿದ್ದಾರೆ, ಅಳುವುದರಿಂದ ಇನ್ನೂ ಆಗಿಲ್ಲ. ನಾನು ಪ್ರಾಂಪ್ಟರ್. ಪರದೆಯ ಮರೆಯಲ್ಲಿ ನಿಂತು, ಮಾತು ಮರೆತವರಿಗೆ ಪಿಸುದನಿಯಲ್ಲಿ ಎತ್ತಿಕೊಡುವುದು ನನ್ನ ಕೆಲಸ. ಬೇಕಾದವರಿಗಷ್ಟೇ ನನ್ನ ದನಿ ಕೇಳಬೇಕು, ಉಳಿದವರಿಗೆ ನಾನು ಇದ್ದೇನೆಂಬುದೂ ತಿಳಿಯಬಾರದು. ಮನೆಯಲ್ಲೂ ಇದೇ ನಿಯಮವನ್ನು ಎಲ್ಲರೂ ಶ್ರದ್ಧೆಯಿಂದ ಪಾಲಿಸುತ್ತಾರೆ.

ಮರಿಯನ್ನು ತಂದವಳು ಮಗಳು ಪುಟ್ಟಿ. ಸೈಕಲ್ ಅಂಗಡಿಯವನು ಕೊಟ್ಟನೆಂದು ಶಾಲೆಯ ಚೀಲದಲ್ಲಿ ಹಾಕಿಕೊಂಡು ಬಂದಿದ್ದಳು. ಪುಸ್ತಕಗಳೆಲ್ಲ ಕೈಯಲ್ಲಿದ್ದವು. ಮೊದಲ ದಿನವೇ ಅದು ಅತ್ತೆಯ ಕಾಲಿನ ಕಿರುಬೆರಳು ಹಿಡಿಯಿತು. "ಇದು ನಾಯಿಯಲ್ಲ ಕಣೇ, ಇಕ್ಕಳ!" ಎಂದರು ಅತ್ತೆ. ಹೆಸರು ಅದೇ ಉಳಿಯಿತು.

ಡಾಕ್ಟರಮ್ಮನ ಪಾಠ ಆ ಸಂಜೆಯೇ ಶುರುವಾಯಿತು. ಗಂಡ ಚಾಪೆಯ ಮೇಲೆ ಕೂತು ಹೆಬ್ಬೆರಳು ಚಾಚಿದರು. ಇಕ್ಕಳ ಕಚ್ಚಿತು. "ಅಯ್ಯೋ!" ಅಂದರು. ಅಲ್ಲಿಗೇ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಎದೆಯ ಮೇಲೆ ಕೈಯಿಟ್ಟುಕೊಂಡು ಎದ್ದರು. "ಅಯ್ಯೋ! ನನ್ನ ಮನೆಯ ಅನ್ನ ಉಂಡು, ನನ್ನ ಕೈಯನ್ನೇ..." ಎನ್ನುತ್ತ ತೂರಾಡಿ ಕಿಟಕಿಯವರೆಗೂ ಹೋದರು. ಪರದೆ ಹಿಡಿದು ನಿಧಾನವಾಗಿ ಜಾರಿ, ನೆಲಕ್ಕೆ ಬಿದ್ದು, ಒಂದು ಕೈಯೆತ್ತಿ, ಆಮೇಲೆ ಅದನ್ನೂ ಬೀಳಿಸಿದರು.

ಇಕ್ಕಳ ಕತ್ತು ವಾರೆ ಮಾಡಿಕೊಂಡು ಎಲ್ಲವನ್ನೂ ನೋಡಿತು. ಅದರ ಜನ್ಮದಲ್ಲಿ ಅಂಥದ್ದನ್ನು ನೋಡಿರಲಿಲ್ಲ. ಸ್ವಲ್ಪ ಹೊತ್ತು ಕಾದು, ಹತ್ತಿರ ಹೋಗಿ, ಇನ್ನೊಂದು ಹೆಬ್ಬೆರಳನ್ನು ಕಚ್ಚಿತು.

ನಮ್ಮ ವೃತ್ತಿಯಲ್ಲಿ ಇದಕ್ಕೆ ಒನ್ಸ್ ಮೋರ್ ಅನ್ನುತ್ತಾರೆ. ಜನ ಕೂಗಿದರೆ ಸತ್ತ ರಾಜ ಎದ್ದು ಮತ್ತೊಮ್ಮೆ ಸಾಯಬೇಕು. ನನ್ನ ಗಂಡ ಇಷ್ಟು ವರ್ಷಗಳಲ್ಲಿ ಒಬ್ಬರಿಗೂ ಇಲ್ಲವೆಂದವರಲ್ಲ. ಎದ್ದರು, ಮತ್ತೆ ಸತ್ತರು.

ಅತ್ತೆಯ ದಾರಿಯೇ ಬೇರೆ. ಅವರು ಕೂಗುವುದಿಲ್ಲ. ಕಚ್ಚಿಸಿಕೊಂಡ ಬೆರಳನ್ನು ನೋಡಿದರು, ಮರಿಯನ್ನು ನೋಡಿದರು, ಆಮೇಲೆ ಎಡಗಣ್ಣಿಂದ ಒಂದು ಹನಿ, ಅದು ಗಲ್ಲ ಮುಟ್ಟಿದ ಮೇಲೆ ಬಲಗಣ್ಣಿಂದ ಒಂದು. ಇಕ್ಕಳ ಮಡಿಲು ಹತ್ತಿ ಎರಡನ್ನೂ ನೆಕ್ಕಿತು. ಉಪ್ಪುಪ್ಪಾಗಿ ಚೆನ್ನಾಗಿದ್ದಿರಬೇಕು. ಇಳಿದು ಹೋಗಿ ಇನ್ನಷ್ಟು ಬರಲೆಂದು ಬೆರಳನ್ನು ಮತ್ತೆ ಕಚ್ಚಿತು.

ಹೀಗೆ ಕಚ್ಚಬಾರದೆಂಬ ಪಾಠ ಹೇಳಲು ಹೋಗಿ, ಕಚ್ಚಿದರೆ ನಾಟಕ ಶುರುವಾಗುತ್ತದೆ ಎಂಬ ಪಾಠವನ್ನು ನಮ್ಮವರು ಅದಕ್ಕೆ ಅಚ್ಚುಕಟ್ಟಾಗಿ ಕಲಿಸಿಬಿಟ್ಟರು. ಅದು ಕಲಿತದ್ದನ್ನು ಇಡೀ ಕಂಪನಿಯ ಮೇಲೆ ಪ್ರಯೋಗಿಸಿತು. ಮೇಕಪ್ಪಿನವನ ಮೊಣಕೈ, ಹಾರ್ಮೋನಿಯಂನವನ ಹಿಮ್ಮಡಿ, ಯಾವುದನ್ನೂ ಬಿಡಲಿಲ್ಲ. ಎಲ್ಲರೂ ಕಲಾವಿದರೇ. ಒಬ್ಬರಿಗಿಂತ ಒಬ್ಬರು ಚೆನ್ನಾಗಿ ಕಿರುಚಿದರು.

ನನ್ನನ್ನು ಮಾತ್ರ ಒಂದೇ ಸಲ ಕಚ್ಚಿದ್ದು. ನಾನು ನಾಟಕದ ಪುಸ್ತಕ ಹಿಡಿದು ಸಾಲಿನ ಮೇಲೆ ಬೆರಳಿಟ್ಟುಕೊಂಡು ಕೂತಿದ್ದೆ. ಹಾಗೆ ಕೂತಾಗ ಆಕಾಶವೇ ತಲೆಮೇಲೆ ಬಿದ್ದರೂ ಉಸಿರೆತ್ತದಿರುವುದು ನನಗೆ ಅಭ್ಯಾಸ. ಕಾಲು ಬಿಡಿಸಿಕೊಂಡು ಅಡುಗೆಮನೆಗೆ ಹೋದೆ. ಅದು ಹಿಂದೆಯೇ ಬಂದು, ಮುಚ್ಚಿದ ಟಿಕೆಟ್ ಕಿಟಕಿಯನ್ನು ನೋಡುವ ಹಾಗೆ ನನ್ನ ಮುಖ ನೋಡಿ, ಹೊರಟುಹೋಯಿತು. ಮತ್ತೆ ನನ್ನ ತಂಟೆಗೆ ಬರಲಿಲ್ಲ.

"ಕಚ್ಚಿದಾಗ ಸುಮ್ನಿರಿ ರೀ. ಅಷ್ಟು ಮಾಡಿದ್ರೆ ಸಾಕು," ಎಂದೆ ಗಂಡನಿಗೆ.

"ಸುಮ್ನಿರೋದು ಅಂದ್ರೆ ಹೇಗೆ?" ಎಂದರು. ಅವರು ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ್ದರು.

ಅಷ್ಟರಲ್ಲಿ ಒಂದು ಆಟದ ದಿನ ಇಕ್ಕಳ ಪರದೆಯ ಹಿಂದೆ ನುಗ್ಗಿ, ನಾಯಕಿ ರಂಗಕ್ಕೆ ಕಾಲಿಡುವ ಹೊತ್ತಿಗೆ ಸರಿಯಾಗಿ ಅವಳ ಮೀನಖಂಡಕ್ಕೆ ಬಾಯಿ ಹಾಕಿತು. ಅವಳು ಪ್ರೇಮದ ದೃಶ್ಯವನ್ನು ಪೂರ್ತಿ ಕುಂಟುತ್ತಲೇ ಮಾಡಿದಳು. ವಿಷಯ ಮ್ಯಾನೇಜರರ ಕಿವಿ ಮುಟ್ಟಿತು.

ಮ್ಯಾನೇಜರರನ್ನು ಬೆನ್ನ ಹಿಂದೆ ಎಲ್ಲರೂ ಕಂಬ ಎನ್ನುತ್ತಾರೆ. ಹುಡುಗುವಯಸ್ಸಿನಲ್ಲಿ ಅವರೂ ಬಣ್ಣ ಹಚ್ಚಿದ್ದರಂತೆ. ಪಟ್ಟ ಕಟ್ಟಿದರೂ ಅದೇ ಮುಖ, ಬೆನ್ನಿಗೆ ಚೂರಿ ಹಾಕಿದರೂ ಅದೇ ಮುಖ. ಒಮ್ಮೆ ತಾಯಿಯ ಪಾತ್ರದಲ್ಲಿದ್ದ ನಮ್ಮತ್ತೆ ಅವರ ತೋಳಿನಲ್ಲಿ ಪ್ರಾಣ ಬಿಟ್ಟಾಗ, ಆ ಮುಖ ನೋಡಿ ಜನ ನಕ್ಕರಂತೆ. ಸತ್ತಿದ್ದ ಅತ್ತೆ ಒಂದು ಕಣ್ಣು ತೆರೆದು, "ಅಳೋ, ಕಂಬ!" ಎಂದರಂತೆ. ಮುಂದಿನ ಸಾಲಿನವರಿಗೆ ಅದು ಕೇಳಿಸಿತು. ಆವತ್ತು ಬಣ್ಣ ಒರೆಸಿದವರು ಮತ್ತೆ ಹಚ್ಚಲಿಲ್ಲ. ಟಿಕೆಟ್ ಕಿಟಕಿಯಲ್ಲಿ ಕೂತರು, ಲೆಕ್ಕ ನೋಡಿದರು, ಕೊನೆಗೆ ಇಡೀ ಕಂಪನಿಯನ್ನೇ ನಡೆಸತೊಡಗಿದರು. ರಂಗಮಂದಿರದ ಹಿಂದಿರುವ ನಮ್ಮ ಮನೆಯೂ ಕಂಪನಿಯದೇ. ಅವರು ಹೇಳಿದ್ದೇ ಕಾನೂನು.

"ಭಾನುವಾರ ಟೀಗೆ ಬರ್ತೀನಿ," ಎಂದರು ಬಾಗಿಲಲ್ಲೇ ನಿಂತು. "ಒಂದು ಕಪ್ ಕುಡಿದು ಮುಗಿಸೋವರೆಗೆ ನನ್ನನ್ನ ಕಚ್ಚದೇ ಇದ್ರೆ ಇರ್ಲಿ. ಕಚ್ಚಿದ್ರೆ ಸೋಮವಾರ ಇಟ್ಟಿಗೆ ಗೂಡಿಗೆ ಕಳಿಸ್ತೀನಿ. ಅಲ್ಲಿ ಕಟ್ಟಿಹಾಕೋಕೆ ನಾಯಿ ಬೇಕಂತೆ."

ಪುಟ್ಟಿ ಅಳಲಿಲ್ಲ. ಆ ಅಜ್ಜಿಯ ಮೊಮ್ಮಗಳು ಅಳದೆ ನಿಂತದ್ದು ಅದೇ ಮೊದಲು. ಮರಿಯನ್ನು ಎತ್ತಿಕೊಂಡು ಮೇಜಿನ ಕೆಳಗೆ ಹೋಗಿ ಕೂತಳು. "ಅಮ್ಮ, ನೀನೇ ಹೇಳ್ಕೊಡು," ಎಂದಳು ಅಲ್ಲಿಂದಲೇ. "ಇದಕ್ಕಲ್ಲ. ಅಪ್ಪನಿಗೆ, ಅಜ್ಜಿಗೆ."

ತಾಲೀಮು ಶುರು ಮಾಡಿದೆ. ಗಂಡನನ್ನು ಕೂರಿಸಿ ಮರಿಯನ್ನು ಬಿಟ್ಟೆ. ಕಚ್ಚಿತು. ಅವರು ಕಿರುಚಲಿಲ್ಲ, ನಿಜ. ಆದರೆ ಸಿಂಹಾಸನ ಕಳೆದುಕೊಂಡವರ ಹಾಗೆ ನಿಧಾನವಾಗಿ ಎಡಭುಜ ತಿರುಗಿಸಿ, ಗಲ್ಲ ಮೇಲೆತ್ತಿ, ದೀಪ ಆರುವಂಥ ಒಂದು ನಿಟ್ಟುಸಿರು ಬಿಟ್ಟರು. ಇಕ್ಕಳ ಬಾಲ ಬಡಿಯಿತು.

"ಇದು ಸುಮ್ನಿರೋದಾ?"

"ಮೌನ ಕಣೇ ಇದು! ಮೌನ!"

"ಮೌನ ಬೇಡ ರೀ. ಸುಮ್ನಿರಿ."

ಅತ್ತೆಯೂ ಮಗನಿಗೆ ಕಡಿಮೆಯಿರಲಿಲ್ಲ. ಅವರು ಮಾತಾಡದಿದ್ದರೆ ಕೆಳತುಟಿ ಮಾತಾಡುತ್ತಿತ್ತು. "ನಾನು ಸುಮ್ನೆ ನಿಂತಿದ್ದಕ್ಕೇ ಜನ ಎದ್ದು ಚಪ್ಪಾಳೆ ತಟ್ಟಿದಾರೆ. ನೀನು ನನಗೆ ಸುಮ್ನಿರೋದು ಹೇಳ್ಕೊಡ್ತೀಯಾ?" ಎಂದು ಸಿಡುಕಿದರು. ನಾನು ಬಾಗಿಲ ಮರೆಯಲ್ಲಿ ನಿಂತು, "ತುಟಿ ಅತ್ತೆ, ತುಟಿ... ರೀ, ಮೂಗು ಅರಳಿಸ್ಬೇಡಿ... ಬಟ್ಟೆ ಗಂಟು ಕೊಡಿ, ಆ ಕಡೆ ನೋಡಿ," ಎಂದು ಪಿಸುಗುಟ್ಟುತ್ತಲೇ ಇದ್ದೆ. ಏನೂ ಮಾಡದಿರುವುದಕ್ಕೆ ಮಾತು ಎತ್ತಿಕೊಟ್ಟ ಪ್ರಾಂಪ್ಟರ್ ನಾನೊಬ್ಬಳೇ ಇರಬೇಕು.

ಅಂತೂ ವಾರದ ಕೊನೆಗೆ ಗಂಡ ಒಂದೇ ಒಂದು ಹುಬ್ಬು ಹಾರಿಸಿ ಸುಧಾರಿಸಿಕೊಳ್ಳುವ ಮಟ್ಟಕ್ಕೆ ಬಂದರು. ಇಕ್ಕಳದ ಕಚ್ಚಾಟ ಅರ್ಧಕ್ಕೆ ಇಳಿಯಿತು. ಆದರೆ ನಮಗೆ ಅರ್ಧ ಸಾಲದು.

ಭಾನುವಾರ ಮ್ಯಾನೇಜರರು ಬಂದರು. ಚಪ್ಪಲಿ ಹೊರಗೆ ಬಿಟ್ಟು, ಬಿಳಿ ಕಾಲುಚೀಲದಲ್ಲೇ ಒಳಗೆ ಬಂದು ಕೂತರು. ನಾನು ಮನೆಯಲ್ಲಿದ್ದ ಅತಿ ಚಿಕ್ಕ ಕಪ್ಪನ್ನು ಹುಡುಕಿ, ಅದರಲ್ಲೂ ಮುಕ್ಕಾಲಿಗೆ ಟೀ ಹಾಕಿ ತಂದಿಟ್ಟೆ. ಅವರು ಕಪ್ಪನ್ನು ನೋಡಿದರು, ನನ್ನನ್ನು ನೋಡಿದರು.

"ಚಿಕ್ಕದಾಯ್ತಲ್ಲ?"

"ನಿಮಗೆ ಟೀ ಜಾಸ್ತಿ ಆಗಲ್ಲ ಅಂತ ಯಾರೋ ಹೇಳಿದ್ರು," ಎಂದೆ.

ಗಂಡ ಅಂಗೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದರು. ನಾಯಿಯ ಕಡೆ ತಿರುಗಲೇಬಾರದೆಂದು ಅತ್ತೆಗೆ ಹೇಳಿದ್ದೆ. ಅವರು ಗೋಡೆ ಕಡೆಗಿದ್ದ ಗಾಜಿನ ಬೀರುವಿಗೆ ಮುಖ ಮಾಡಿ ಕೂತಿದ್ದರು. ಪುಟ್ಟಿ ನೆಲದ ಮೇಲಿದ್ದಳು, ಇಕ್ಕಳ ಮೇಜಿನ ಕೆಳಗೆ ಬಟ್ಟೆಗಂಟು ಅಗಿಯುತ್ತಿತ್ತು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತೆ.

ಮ್ಯಾನೇಜರರು ಒಂದು ಗುಟುಕು ಕುಡಿದರು, ಇನ್ನೊಂದು ಕುಡಿದರು. ಆಗ ಇಕ್ಕಳ ಬಟ್ಟೆ ಬಿಟ್ಟು, ಬಿಳಿ ಕಾಲುಚೀಲವನ್ನು ಮೂಸಿ, ಹೆಬ್ಬೆರಳನ್ನು ಬಾಯೊಳಗೆ ತೆಗೆದುಕೊಂಡು, ಹೊಸ ಹಲ್ಲು ಊರಿ ಕಚ್ಚಿತು.

ಪುಟ್ಟಿ ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡಳು. ಮ್ಯಾನೇಜರರು ಒಂದು ಕ್ಷಣ ಅವಳನ್ನು ನೋಡಿದರು. ಕಪ್ಪು ಎಂದಿನ ವೇಗದಲ್ಲೇ ಮೇಲೆ ಹೋಯಿತು, ಕೆಳಗೆ ಬಂತು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಹೊಸ ಪರದೆ ಹೊಲಿಸ್ಬೇಕು," ಎಂದರು ನನ್ನ ಗಂಡನಿಗೆ. "ನೀಲಿ ಸಾಕಾ, ಹಸಿರೇ ಬೇಕಾ?"

"ನೀಲಿ," ಎಂದರು ನನ್ನ ಗಂಡ. ಅವರಿಗೆ ಕೆಳಗೆ ನಡೆಯುತ್ತಿರುವುದು ಏನೂ ಗೊತ್ತಿರಲಿಲ್ಲ.

"ನೀಲಿ ಬೇಗ ಮಾಸತ್ತೆ."

ಮೇಜಿನ ಕೆಳಗೆ ಅವರ ಇನ್ನೊಂದು ಕಾಲಿನ ಬೆರಳುಗಳೆಲ್ಲ ಮುದುಡಿ ಮುಷ್ಟಿಯಾಗಿದ್ದವು. ಇಕ್ಕಳ ಮತ್ತೊಮ್ಮೆ ಕಚ್ಚಿ, ತಲೆಯೆತ್ತಿ ಕಾಯಿತು. ನಾಟಕದ ಗಂಟೆ ಮೊಳಗಲಿಲ್ಲ, ಪರದೆ ಏಳಲಿಲ್ಲ. ಕೊನೆಗೆ ಬೆರಳು ಬಿಟ್ಟು ದೊಡ್ಡದಾಗಿ ಆಕಳಿಸಿತು. ಬಟ್ಟೆಗಂಟನ್ನು ಎಳೆದುಕೊಂಡು ಅದೇ ಕಾಲಿನ ಮೇಲೆ ತಲೆಯಿಟ್ಟು ಮಲಗಿತು.

ಮ್ಯಾನೇಜರರು ಕೊನೆಯ ಗುಟುಕನ್ನು ನಿಧಾನವಾಗಿ ಮುಗಿಸಿ, ಕಪ್ಪನ್ನು ಮಗುಚಿಟ್ಟರು. "ಕಚ್ಚಲಿಲ್ಲ. ಇರ್ಲಿ ಬಿಡಿ," ಎಂದು ಎದ್ದರು. ಬಿಳಿ ಕಾಲುಚೀಲದ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಕೆಂಪಿತ್ತು. ನಾನು ನೋಡಿದೆ. ಪುಟ್ಟಿ ನೋಡಿದಳು.

"ನೋಡಿದ್ರಾ ನನ್ನ ಟ್ರೈನಿಂಗು!" ಎಂದು ಗಂಡ ಎದ್ದು ನಿಂತು ಬಾಗಿದರು.

ಮ್ಯಾನೇಜರರು ಹೊಸ್ತಿಲು ದಾಟಿ ಚಪ್ಪಲಿಗೆ ಕಾಲು ಹಾಕುತ್ತಿದ್ದರು. ಮೇಜಿನ ಕೆಳಗಿನದೆಲ್ಲ ಕಾಣುತ್ತಿದ್ದ ಬೀರುವಿನ ಗಾಜಿನಿಂದ ಅತ್ತೆ ಕಣ್ಣು ಕೀಳದೆ ಕರೆದರು. "ಏ ಕಂಬ."

ಅವರು ತಿರುಗಿದರು. ಆ ಹೆಸರನ್ನು ಅವರ ಮುಖದೆದುರು ಹೇಳುವ ಧೈರ್ಯ ಕಂಪನಿಯಲ್ಲಿ ಯಾರಿಗೂ ಇರಲಿಲ್ಲ.

"ಇವತ್ತು ಚೆನ್ನಾಗಿ ಮಾಡ್ದೆ ಕಣೋ," ಎಂದರು ಅತ್ತೆ. "ನಮ್ಮ ಕೈಲಿ ಯಾರ ಕೈಲೂ ಆಗ್ತಿರ್ಲಿಲ್ಲ."

"ಏನ್ ಮಾಡಿದ್ರು?" ಎಂದು ಗಂಡ ಕೇಳಿದರು.

ಮ್ಯಾನೇಜರರ ಗಲ್ಲ ಅದುರಿತು. ಎರಡೂ ಕಣ್ಣು ಒಟ್ಟಿಗೇ ತುಂಬಿ ಹರಿದವು. ಅಭ್ಯಾಸವಿಲ್ಲದ ಕೆಲಸ, ಹೇಗೆ ನಿಲ್ಲಿಸುವುದೆಂದು ಅವರಿಗೆ ತಿಳಿಯಲಿಲ್ಲ. ಒಂದೊಂದೇ ಜೇಬಿಗೆ ಕೈ ಹಾಕಿ ಕರವಸ್ತ್ರಕ್ಕಾಗಿ ತಡಕಾಡಿದರು.

"ಆವತ್ತು ಅಳೋ ಅಂದ್ರೆ ಅಳ್ಲಿಲ್ಲ, ಈಗ ಅಳ್ತಾನೆ," ಎಂದು ಗೊಣಗುತ್ತ ಅತ್ತೆ ಎದ್ದು ಹೋಗಿ ತಮ್ಮ ಕರವಸ್ತ್ರ ಕೊಟ್ಟರು. ಈ ಸಲ ಅವರ ಕೆಳತುಟಿ ನಿಜಕ್ಕೂ ನಡುಗುತ್ತಿತ್ತು.

ಹೋಗುವುದೋ ನಿಲ್ಲುವುದೋ ಗೊತ್ತಾಗದೆ ಮ್ಯಾನೇಜರರು ನನ್ನ ಕಡೆ ನೋಡಿದರು. ಮಾತು ಮರೆತ ನಟರು ಪರದೆಯ ಕಡೆ ನೋಡುವ ಆ ನೋಟ ನನಗೆ ಚೆನ್ನಾಗಿ ಗೊತ್ತು.

"ಇನ್ನೊಂದು ಕಪ್ ಟೀ ಕೊಡಿ ಅನ್ನಿ," ಎಂದು ಪಿಸುಗುಟ್ಟಿದೆ.

"ಇನ್ನೊಂದು ಕಪ್ ಟೀ ಕೊಡಿ," ಎಂದರು ಮ್ಯಾನೇಜರರು.

ಈ ಸಲ ದೊಡ್ಡ ಕಪ್ಪಿನಲ್ಲಿ ತಂದುಕೊಟ್ಟೆ.