ನಾಲ್ಕು ತೋಳಿನ ಅಂಗಿ

ನೆಲ್ ಬರ್ಕೆಟ್ ಬರೆದ ಪ್ರಬಂಧದ ನಾಲ್ಕನೆಯ ಪುಟದ ಅಂಚಿನಲ್ಲಿ ಹಸಿರು ಶಾಯಿಯ ಪ್ರಶ್ನೆಯೊಂದಿತ್ತು: ‘ಹೀಗೆಂದು ಹೇಳಿದ ವಿಮರ್ಶಕರು ಯಾರು? ಪುಟ ಸಂಖ್ಯೆ?’ ಕೊನೆಯ ಪುಟದಲ್ಲಿ ಇಪ್ಪತ್ತೈದಕ್ಕೆ ಹನ್ನೊಂದು.

ಅವಳ ಮೈಯೆಲ್ಲ ಉರಿಯಿತು.

ಶಾಲೆಯ ಕಡೆಯ ವರ್ಷ. ಸಾಹಿತ್ಯ ತೆಗೆದುಕೊಂಡವರು ಇಡೀ ತರಗತಿಗೆ ಒಂಬತ್ತೇ ಮಂದಿ. ಪರೀಕ್ಷೆಯಲ್ಲದೆ ಮನೆಯಲ್ಲಿ ಕೂತು ಒಂದು ಪ್ರಬಂಧ ಬರೆದು ಕೊಡಬೇಕು, ಅದರ ಅಂಕವೂ ಲೆಕ್ಕಕ್ಕೆ ಬರುತ್ತದೆ. ಅದರಲ್ಲಿ ಇಪ್ಪತ್ತರ ಹತ್ತಿರ ಬಾರದಿದ್ದರೆ ವಿಶ್ವವಿದ್ಯಾಲಯ ಕೊಡುತ್ತೇನೆಂದ ಸೀಟು ಕೈತಪ್ಪಿದಂತೆಯೇ.

ಮೇಷ್ಟರು ಆಶ್‌ಡೌನ್ ಕೊಟ್ಟ ಕವನ ಚಿಕ್ಕದು. ಚಳಿಗಾಲ ಮುಗಿಯದ ಒಂದು ಬೆಳಿಗ್ಗೆ ಕುರುಬನೊಬ್ಬ ಸತ್ತ ಕುರಿಮರಿಯ ಚರ್ಮ ಸುಲಿಯುತ್ತಾನೆ. ಚಾಕು ಕೊರಳ ಸುತ್ತ ಹೋಗುತ್ತದೆ; ಪುಟ್ಟದೊಂದು ಅಂಗಿ ಬಿಚ್ಚಿ ಬರುತ್ತದೆ, ನಾಲ್ಕು ತೋಳಿನದು. ಬಿಸಿ ಆರುವ ಮೊದಲೇ ಅದನ್ನೆತ್ತಿಕೊಂಡು ಅವನು ಓಡುತ್ತಾನೆ. ಅಷ್ಟೇ ಕವನ. ಮನುಷ್ಯನ ಕ್ರೌರ್ಯ, ಸತ್ತದ್ದನ್ನೂ ಬಿಡದ ಆಸೆಬುರುಕತನ ಎಂದು ಪರೀಕ್ಷೆಯ ಕೈಪಿಡಿಯಲ್ಲಿತ್ತು. ಎಂಟು ಮಂದಿ ಅದನ್ನೇ ಹಿಂದುಮುಂದು ಮಾಡಿ ಬರೆದರು. ಇದು ಕರುಣೆಯ ಕವನ ಎಂದು ಬರೆದವಳು ನೆಲ್ ಒಬ್ಬಳೇ. ಮರಿ ಸತ್ತ ತಾಯಿಕುರಿಯ ಕೆಚ್ಚಲಲ್ಲಿ ಹಾಲಿರುತ್ತದೆ. ಪಕ್ಕದಲ್ಲೇ ತಾಯಿ ಸತ್ತ ಮರಿಯೊಂದು ಹಸಿದಿರುತ್ತದೆ. ಕುರಿ ತನ್ನ ಮರಿಯನ್ನು ಗುರುತಿಸುವುದು ವಾಸನೆಯಿಂದ. ಸತ್ತ ಮರಿಯ ಚರ್ಮವನ್ನು ತಬ್ಬಲಿಗೆ ತೊಡಿಸಿದರೆ ತಾಯಿಕುರಿ ಮೂಸಿ ನೋಡಿ, ತನ್ನದೇ ಮರಿ ಎಂದುಕೊಂಡು ಹಾಲು ಕೊಡುತ್ತದೆ.

“ಬರವಣಿಗೆ ಚೆನ್ನಾಗಿದೆ ನೆಲ್,” ಎಂದರು ಆಶ್‌ಡೌನ್. ಅವರು ದಕ್ಷಿಣದ ಪಟ್ಟಣವೊಂದರಿಂದ ಬಂದು ಎರಡು ವರ್ಷವಾಗಿತ್ತು. ಅವರ ಬೂಟು ಇನ್ನೂ ಹೊಳೆಯುತ್ತಿತ್ತು. “ಆದ್ರೆ ಇದು ಸಾಹಿತ್ಯದ ಕ್ಲಾಸು, ಕುರಿ ಸಾಕೋ ಕ್ಲಾಸಲ್ಲ.”

ತರಗತಿ ನಕ್ಕಿತು. ಹಿಂದಿನಿಂದ ಯಾರೋ “ಮ್ಯಾ” ಎಂದರು.

“ಕುರುಬ ಯಾಕೆ ಸುಲೀತಾನೆ ಅಂತ ನಂಗೊತ್ತು ಸಾರ್.”

“ನಿಂಗೊತ್ತಿರೋದು ಬೇಡಮ್ಮ, ಕವನದಲ್ಲಿರೋದು ಬೇಕು. ಇಲ್ಲಾಂದ್ರೆ ದೊಡ್ಡವರು ಯಾರಾದ್ರೂ ಹೇಳಿರ್ಬೇಕು. ಇದಿನ್ನೂ ಕರಡು. ಶುಕ್ರವಾರ ಕಡೇ ದಿನ. ಕೈಪಿಡಿ ನೋಡ್ಕೊಂಡು ತಿದ್ದಿ ತಂದ್ರೆ ಇಪ್ಪತ್ತು ಬರುತ್ತೆ. ಹೀಗೇ ಕೊಟ್ರೆ ಹನ್ನೊಂದು. ನಿನ್ನಿಷ್ಟ.”

ನಿನ್ನಿಷ್ಟವಂತೆ! ಕತ್ತಿನ ಮೇಲೆ ಕಾಲಿಟ್ಟು ಏಳು ಎಂದ ಹಾಗೆ.

ಆದರೂ ಸೀಟು ಬೇಕಿತ್ತು. ಗುರುವಾರ ಶಾಲೆಗೆ ಹೋಗುವ ಮುಂಚೆ ಅಡುಗೆಮನೆಯ ಮೇಜಿನ ಮೇಲೆ ಕೈಪಿಡಿ ತೆರೆದಿಟ್ಟು ಬರೆಯತೊಡಗಿದಳು. ಅಜ್ಜಿ ಈಡಿತ್ ಒಲೆಯ ಹತ್ತಿರ ಕೂತು ಟೋಸ್ಟಿಗೆ ಬೆಣ್ಣೆ ಹಚ್ಚುತ್ತಿದ್ದಳು. ಹದಿನೈದಕ್ಕೇ ಶಾಲೆ ಬಿಟ್ಟವಳು. ಮೊಮ್ಮಗಳು ಬರೆದದ್ದನ್ನೆಲ್ಲ ಗಟ್ಟಿಯಾಗಿ ಓದಿಸಿ ಕೇಳದೆ ಬಿಡುತ್ತಿರಲಿಲ್ಲ.

“‘ಕುರುಬನ ಚಾಕು ಮನುಷ್ಯನ ಕ್ರೌರ್ಯದ ಸಂಕೇತ,’” ಎಂದು ಓದಿದಳು ನೆಲ್.

ಅಜ್ಜಿಯ ಕೈ ನಿಂತಿತು. “ಏನಂದೆ?”

“ಹಾಗೆ ಬರೀಬೇಕಂತೆ ಅಜ್ಜಿ.”

“ನಿಮ್ಮಪ್ಪ ಎಲ್ಲಿದಾನೆ ಈಗ?”

“ಕೊಟ್ಟಿಗೇಲಿ.”

“ಏನ್ ಮಾಡ್ತಿದಾನೆ?”

ನೆಲ್ ಪೆನ್ನು ಕೆಳಗಿಟ್ಟಳು. ಕವನದ ಕುರುಬ ಮಾಡಿದ್ದನ್ನೇ ಅಪ್ಪ ಬೆಳಿಗ್ಗೆ ಐದರಿಂದಲೂ ಮಾಡುತ್ತಿದ್ದ. ಅವಳೇ ಈಗಷ್ಟೇ ತಬ್ಬಲಿ ಮರಿಯ ಮುಂಗಾಲುಗಳನ್ನು ಒಂದೊಂದಾಗಿ ಚರ್ಮದ ತೂತಿನೊಳಗೆ ತೂರಿಸಿ ಬಂದಿದ್ದಳು. ಹಟಮಾರಿ ಮಗುವಿಗೆ ಸ್ವೆಟರ್ ಹಾಕಿದ ಹಾಗೆ. ಬೆರಳ ಸಂದಿಯಲ್ಲಿ ಇನ್ನೂ ಆ ವಾಸನೆ ಇತ್ತು.

“ಹಾಗಾದ್ರೆ ಹೊರಗ್ಹೋಗಿ ಅವನ ಮುಖ ನೋಡ್ಕೊಂಡೇ ಓದು, ‘ಅಪ್ಪಾ, ನೀನು ಕ್ರೂರಿ’ ಅಂತ. ಆಮೇಲೆ ಬಂದು ಈ ಟೋಸ್ಟು ತಿನ್ನು.”

“ಕವನದಲ್ಲಿ ಎಲ್ಲಿದೆ ಅಂತ ಕೇಳ್ತಾರಜ್ಜಿ! ತಬ್ಬಲಿ ಮರೀನೇ ಬರಲ್ಲ ಅದ್ರಲ್ಲಿ.”

“ಅಂಗೈ ಹುಣ್ಣಿಗೂ ಕನ್ನಡಿ ಕೇಳೋ ಮೇಷ್ಟ್ರು,” ಎಂದು ಗೊಣಗಿ ಅಜ್ಜಿ ಬೆಣ್ಣೆಯ ಚಾಕುವನ್ನು ಟಪ್ಪನೆ ಇಟ್ಟಳು.

ನೆಲ್ ಪ್ರಬಂಧದ ಜೊತೆ ಕೊಡಬೇಕಾದ ಹಾಳೆ ತೆಗೆದಳು. ‘ಇದು ನನ್ನದೇ ಬರಹ, ನನ್ನದೇ ವಿಚಾರ’ ಎಂದು ಅಚ್ಚಾಗಿತ್ತು. ಕೆಳಗೆ ಸಹಿಗೆ ಜಾಗ. ತನಗೆ ಗೊತ್ತಿದ್ದದ್ದನ್ನು ಬರೆದಾಗ ‘ಯಾರು ಹೇಳಿದ್ದು’ ಎಂದು ಕೇಳಿದರು. ಈಗ ಯಾರೋ ಹೇಳಿದ್ದನ್ನು ಕದ್ದು ಬರೆದು, ನನ್ನದೇ ಎಂದು ಸಹಿ ಹಾಕಬೇಕು! ಇದಕ್ಕೇ ಏನು ಹದಿಮೂರು ವರ್ಷ ಬಸ್ಸು ಹತ್ತಿ ಶಾಲೆಗೆ ಹೋದದ್ದು?

ಕೈಪಿಡಿ ನೋಡಿ ಬರೆದದ್ದನ್ನು ಹರಿದು ಒಲೆಗೆ ಹಾಕಿದಳು. ಹಳೆಯ ಪ್ರಬಂಧದ ನಾಲ್ಕನೆಯ ಪುಟವನ್ನಷ್ಟೇ ಮತ್ತೆ ಬರೆದಳು. ಅಪ್ಪನ ಹೆಸರಿಲ್ಲ, ಕೊಟ್ಟಿಗೆಯ ಸುದ್ದಿ ಇಲ್ಲ. ಕವನದ ಸಾಲು ಮಾತ್ರ. ಚರ್ಮ ಮಾರುವವನು ಹೊಟ್ಟೆಯ ಉದ್ದಕ್ಕೂ ಸೀಳಿ ಹರಡುತ್ತಾನೆ, ಅಂಗಿಯ ಹಾಗೆ ಇಡಿಯಾಗಿ ಕಳಚುವುದಿಲ್ಲ. ತೋಳು ಉಳಿಸಿದ್ದಾನೆಂದರೆ ತೊಡುವವರು ಯಾರೋ ಇದ್ದಾರೆ. ಬಿಸಿ ಆರುವ ಮೊದಲೇ ಓಡಿದ್ದೇಕೆ? ಸತ್ತದ್ದಕ್ಕೆ ಅವಸರವಿಲ್ಲ, ಅವಸರ ಬದುಕಿರುವುದಕ್ಕೆ. ಆಮೇಲೆ ಸಹಿ ಹಾಕಿದಳು.

ಶುಕ್ರವಾರ ಆಶ್‌ಡೌನ್ ಹಾಳೆ ತಿರುವಿ ನಿಟ್ಟುಸಿರಿಟ್ಟರು. “ನಿಮ್ಮೂರ ಕುರಿಗಳಿಗಿಂತ ಹಟ ನಿಂದು. ಹನ್ನೊಂದು.”

“ಪ್ಯಾಟಿನ್‌ಸನ್ ಮಿಸ್ಸೂ ನೋಡ್ಬೇಕು ಸಾರ್. ಇನ್ನೊಬ್ಬ ಟೀಚರ್ ನೋಡೋದು ನಿಯಮ ಅಂತ ಸಹಿ ಹಾಕೋ ಹಾಳೆ ಹಿಂದ್ಗಡೆ ಇದೆ. ಪುಟ ಸಂಖ್ಯೆ ಹೇಳ್ಲಾ?”

ಅವರು ಪ್ರಬಂಧ ಎತ್ತಿಕೊಂಡು, ನೆಲ್‌ಳನ್ನೂ ಕರೆದುಕೊಂಡು ಪ್ಯಾಟಿನ್‌ಸನ್ ಕೋಣೆಗೆ ನಡೆದರು.

ವಿಭಾಗದ ಮುಖ್ಯಸ್ಥೆ ಪ್ಯಾಟಿನ್‌ಸನ್ ಕುರಿಯನ್ನು ತಟ್ಟೆಯಲ್ಲಿ ಮಾತ್ರ ಕಂಡವರು. ಕವನವನ್ನು ಎರಡು ಸಲ ಓದಿ, ನೆಲ್‌ಳ ನಾಲ್ಕನೆಯ ಪುಟ ಓದಿ, ಕನ್ನಡಕ ತೆಗೆದರು.

“ಅಲ್ರೀ ಆಶ್‌ಡೌನ್, ಕವಿ ನಾಲ್ಕು ತೋಳು ಅಂತ ಬರೆದಿದಾನಲ್ಲ, ಯಾಕಂತೆ?”

“ಅದೊಂದು ಉಪಮೆ ಮಿಸೆಸ್ ಪ್ಯಾಟಿನ್‌ಸನ್.”

“ಉಪಮೆ ಅಂತ ನೀವಂತೀರಿ. ಅಂಗಿ ಅಂತ ಈ ಹುಡುಗಿ ಅಂತಾಳೆ. ಸಾಲಲ್ಲಿ ‘ಹಾಗೆ’ ಅನ್ನೋ ಮಾತೇ ಇಲ್ವಲ್ರೀ.” ಹನ್ನೊಂದನ್ನು ಹೊಡೆದು ಇಪ್ಪತ್ತೊಂದು ಬರೆದರು.

ಆಶ್‌ಡೌನ್ “ಸಾರಿ” ಎನ್ನಲಿಲ್ಲ. ನೆಲ್ ಕಾದಳು, ಅವರು ಕಾಗದ ಜೋಡಿಸುತ್ತಲೇ ಇದ್ದರು.

ಸೋಮವಾರ ಕಿರಿಯರ ತರಗತಿಯ ಮುಂದೆ ಹಾದುಹೋಗುವಾಗ ತೆರೆದ ಬಾಗಿಲಿನಿಂದ ಅವರ ದನಿ ಕೇಳಿತು. “ನಾಲ್ಕು ತೋಳು, ಗಮನಿಸಿ. ಸುಲಭಕ್ಕೆ ಕಣ್ಣಿಗೆ ಬೀಳಲ್ಲ ಇದು. ಇದನ್ನ ಕರುಣೆಯ ಕವನ ಅಂತ ಓದೋ ವಿಮರ್ಶಕರೂ ಇದಾರೆ.” ಹಲಗೆಯ ಮೇಲೆ ಬರೆದಿದ್ದರು ಕೂಡ: ‘ಕೆಲವು ವಿಮರ್ಶಕರು.’

ನೆಲ್ ಹೊಸಿಲಲ್ಲೇ ನಿಂತಳು.

“ಯಾವ ವಿಮರ್ಶಕರು ಸಾರ್?”

ಇಪ್ಪತ್ತು ತಲೆಗಳು ತಿರುಗಿದವು. ಆಶ್‌ಡೌನ್ ಕೈಯಲ್ಲಿದ್ದ ಪೆನ್ನು ಗಾಳಿಯಲ್ಲೇ ನಿಂತಿತು.

“ಪುಟ ಸಂಖ್ಯೆ?” ಎಂದಳು.

ಅವರು ಹಲಗೆಯ ಕಡೆ ತಿರುಗಿದರು.

“ಬರ್ಕೆಟ್ ಅಂತ ಬರ್ಕೊಳ್ಳಿ ಸಾರ್. ಪುಟ ನಾಲ್ಕು.”

ಅವರು ‘ಕೆಲವು ವಿಮರ್ಶಕರು’ ಎಂಬುದನ್ನು ಒರೆಸಿ, ಆ ಹೆಸರು ಬರೆದು ಮುಗಿಸುವವರೆಗೂ ಅವಳು ಬಾಗಿಲು ಬಿಟ್ಟು ಕದಲಲಿಲ್ಲ.