ಎಕರೆ ಹಡೆದ ಚುಕ್ಕಿ

೧೯೮೮ರಲ್ಲಿ ರಾಯಚೂರಿನ ಸರ್ಕಾರಿ ಕಚೇರಿಯೊಂದಕ್ಕೆ ಕಂಪ್ಯೂಟರ್ ಬಂದಾಗ ಅದಕ್ಕೊಂದು ತಣ್ಣನೆಯ ಕೋಣೆ ಕೊಟ್ಟರು. ಚಪ್ಪಲಿ ಬಿಟ್ಟೇ ಒಳಗೆ ಹೋಗಬೇಕು. ಐದು ಎಕರೆ ಮೀರದವರಿಗೆ ಸರ್ಕಾರ ಪುಕ್ಕಟೆ ಬೋರ್ ಕೊರೆಸುವ ಯೋಜನೆಯ ಪಟ್ಟಿ ಅದರಿಂದಲೇ ಹೊರಬೀಳುತ್ತಿತ್ತು.

ಅರಕೇರಾದ ಯಮನಮ್ಮ, ಅವಳ ಮೈದುನ ಹಂಪಯ್ಯ, ಇಬ್ಬರ ಹೆಸರೂ ಪಟ್ಟಿಯಲ್ಲಿರಲಿಲ್ಲ. ಹಿರಿಯರ ಒಂಬತ್ತು ಎಕರೆ ಮೂವತ್ತು ಗುಂಟೆ ಇಬ್ಬರಿಗೂ ಸಮಪಾಲಾಗಿತ್ತು. ಅಂದೇ ಸಂಜೆ ಪಟ್ಟಿ ಬೆಂಗಳೂರಿಗೆ ಹೋದರೆ ಬೋರೂ ಹೋದಂತೆಯೇ ಎಂದು ಇಬ್ಬರೂ ಚಪ್ಪಲಿ ಬಿಟ್ಟು ಆ ಕೋಣೆಗೇ ಬಂದಿದ್ದರು.

"ನಿಮ್ದು ತಲಿಗಿ ಐದು ಎಕ್ರಿ ಇಪ್ಪತ್ತೈದು ಗುಂಟಿ ಆಗ್ತದ. ನೀವು ಸಣ್ಣ ರೈತರಲ್ಲ," ಎಂದರು ಸಾಹೇಬರು.

"ನಾ ಯಾವಾಗ ದೊಡ್ಡಾಕಿ ಆದ್ನೆರೀ? ನನ್ನ ಪಾಲು ಐದು ಸೈತ ತುಂಬಂಗಿಲ್ಲ."

"ಕಂಪ್ಯೂಟರ್ ತಪ್ಪಂಗಿಲ್ಲಮ್ಮ."

ಹಂಪಯ್ಯ ಬೆರಳು ಮಡಚಿದ. "ಇಬ್ಬರದೂ ಕೂಡಿ ಹನ್ನೊಂದು ಎಕ್ರಿ ಹತ್ತು ಗುಂಟಿ ಆತು. ಅತ್ತಿಗಿ, ಹೊಲ ಒಂದೂವರಿ ಎಕ್ರಿ ಹೆಚ್ಚಾಗ್ಯದ!"

"ಹೌದೇನು? ಹಂಗಾದ್ರ ಬೋರ್ ಬ್ಯಾಡ ಸಾಹೇಬ್ರ. ಈ ಯಂತ್ರ ಹಡದ ಒಂದೂವರಿ ಎಕ್ರಿ ಎಲ್ಲದನೋ ತೋರಸ್ರಿ, ನನ್ನ ಹೆಸರಿಗೆ ಪಹಣಿ ಬರಕೊಡ್ರಿ. ತೊಗರಿ ಬಿತ್ತತೀನಿ."

ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು. "ಗುಲಾಮ್ ರಸೂಲ್, ಏನಿದು?"

ಆಪರೇಟರ್ ಗುಲಾಮ್ ರಸೂಲ್ ಪರದೆ ನೋಡಿದ. ಅಂಕಿ ಅಂಕೆ ಮೀರಿತ್ತು. ಒಂಬತ್ತು ಎಕರೆ ಮೂವತ್ತು ಗುಂಟೆಯನ್ನು ನಡುವೆ ಚುಕ್ಕಿ ಇಟ್ಟು ೯.೩೦ ಎಂದು ತುಂಬಿದ್ದರು. ಎಕರೆಗೆ ನಲವತ್ತೇ ಗುಂಟೆ ಎಂದು ಯಂತ್ರಕ್ಕೆ ಯಾರೂ ಹೇಳಿರಲಿಲ್ಲ. ರೂಪಾಯಿ-ಪೈಸೆಯ ಹಾಗೆ ನೂರರ ಲೆಕ್ಕ ಹಿಡಿದು ಅದು ಅರ್ಧಕ್ಕೆ ೪.೬೫ ಅಂದಿತ್ತು. ಕಚೇರಿಯವರು ಅದನ್ನು ಅರವತ್ತೈದು ಗುಂಟೆ ಎಂದೋದಿ, ನಲವತ್ತಕ್ಕೊಂದು ಎಕರೆ ಮೇಲೇರಿಸಿ, ಐದು ಇಪ್ಪತ್ತೈದು ಮಾಡಿದ್ದರು.

"ಎಲ್ಲಾ ಗುಂಟಿ ಮಾಡೇ ತುಂಬಬೇಕ್ರಿ ಸರ್. ಮುನ್ನೂರ ತೊಂಬತ್ತು. ಅರ್ಧ, ನೂರಾ ತೊಂಬತ್ತೈದು. ಅಂದ್ರ ನಾಲ್ಕು ಎಕ್ರಿ ಮೂವತ್ತೈದು ಗುಂಟಿ."

"ಹಂಗಾದ್ರ ಉಳಿದವರದು?"

"ದೇವದುರ್ಗ, ಮಾನ್ವಿ, ಎಲ್ಲಾ ತಾಲೂಕಿಂದೂ ಮತ್ತ ಟೈಪ್ ಹೊಡೀಬೇಕ್ರಿ."

ಸಾಹೇಬರು ಪಟ್ಟಿ ನೋಡಿದರು, ಯಮನಮ್ಮನನ್ನು ನೋಡಿದರು. ಅವಳು ಪಹಣಿಗಾಗಿ ಕೈಚಾಚಿಯೇ ನಿಂತಿದ್ದಳು.

"ಪಟ್ಟಿ ಇವತ್ತು ಹೋಗಂಗಿಲ್ಲ. ಹೊಡಿ," ಎಂದು ಹೊರನಡೆದರು.

ಬಾಗಿಲು ಮುಚ್ಚಿದ್ದೇ ಗುಲಾಮ್ ರಸೂಲ್ ಸಾಹೇಬರ ದನಿಯನ್ನೇ ಅಣಕಿಸುತ್ತ ಅಂದ: "ಯಮನಮ್ಮ, ನಿಮಗ ಬೋರ್ ಆತು. ಇನ್ನ ಮಾನ್ವಿತನಕ ಹೊಡದು ಹೊಡದು ನನಗೂ ಬೋರ್!"

ಹೊರಗೆ ಚಪ್ಪಲಿ ಮೆಟ್ಟುತ್ತ ಯಮನಮ್ಮ ಅಂದಳು, "ಒಂದೂವರಿ ಎಕ್ರಿ ಹೋತಲ್ಲೋ ಹಂಪಯ್ಯ."

"ನೀರು ಬಂತಲ್ಲ, ನಡಿ ಅತ್ತಿಗಿ."